ಅಪ್ಪ ನಡೆದ ಹನ್ನೆರಡು ವಾರ

ಕಾಲೇಜಿನ ಆ ಸೊಸೈಟಿಗೆ ಸೇರಲೇಬೇಕು ಎಂಬ ಹಟ ನನ್ನದೇ. ಯಾರೂ ನನ್ನನ್ನು ದೂಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದವರಿಗೆ ಕಚ್ಚಾ ಎಣ್ಣೆಯ ಬೆಲೆಯನ್ನೋ ಅಪ್ಪನ ಕಂಪನಿಯನ್ನೋ ಬೈಯಬೇಕು ಅನ್ನಿಸುವುದು ಸಹಜ. ನಾನೂ ಬಹಳ ವರ್ಷ ಅವನ್ನೇ ಬೈದುಕೊಂಡು ಆರಾಮಾಗಿದ್ದೆ. ಈಗ ಹಾಗೆ ಬೈಯಲು ಬಾಯಿ ಬರುವುದಿಲ್ಲ.

ನಾವು ಆಗ ಮಸ್ಕತ್ತಿನ ಅಲ್ ಅಜೈಬಾದಲ್ಲಿದ್ದೆವು. ಅಪ್ಪ, ಅವ್ವ, ನಾನು. ಮೂಲ ಗದಗಿನ ಕಡೆ. ಅಪ್ಪ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರು, ಘಾಲಾದ ಒಂದು ಪೈಪ್‌ಲೈನ್ ಕಂಪನಿಯಲ್ಲಿ ಎಸ್ಟಿಮೇಟರ್. ಟೆಂಡರ್ ಬಂದರೆ ಎಷ್ಟು ಪೈಪು, ಎಷ್ಟು ವಾಲ್ವು, ಎಷ್ಟು ಜನ, ಎಷ್ಟು ದಿನ ಎಂದು ಅಂದಾಜು ಹಾಕುವುದು ಅವರ ಕೆಲಸ. ನಾನು ಒಂದು ಖಾಸಗಿ ಕಾಲೇಜಿನಲ್ಲಿ ಆರೋಗ್ಯ ಶಿಕ್ಷಣದ ಪದವಿಗೆ ಓದುತ್ತಿದ್ದೆ, ನಾಲ್ಕು ವರ್ಷದ ಕೋರ್ಸಿನಲ್ಲಿ ಮೂರನೆಯ ವರ್ಷ. ಊರಿನ ಬಂಧುಗಳಿಗೆ ಈ ಓದು ಏನೆಂದು ಕೊನೆಯವರೆಗೂ ಅರ್ಥವಾಗಲಿಲ್ಲ. “ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಮತ್ತೇನಾಗ್ತಾಳ ನಿಮ್ಮ ಹುಡುಗಿ?” ಎಂದು ಫೋನಿನಲ್ಲಿ ಕೇಳುತ್ತಿದ್ದರು. “ಜನಕ್ಕ ಬುದ್ಧಿ ಹೇಳೂದು ಕಲ್ಯಾಕತ್ತಾಳ” ಎನ್ನುತ್ತಿದ್ದಳು ಅವ್ವ. ಅದನ್ನು ಕಲಿಯಲು ಫೀ ಬೇರೆ ಕಟ್ಟಬೇಕೇನು ಎಂದು ಆ ಕಡೆಯಿಂದ ನಗು ಕೇಳುತ್ತಿತ್ತು.

ಇಂಥ ಮಾತು ಕೇಳಿ ಕೇಳಿ ಕುದ್ದುಹೋಗಿದ್ದವಳಿಗೆ ಒಂದು ದಿನ ಆನರ್ ಸೊಸೈಟಿಯ ಆಹ್ವಾನ ಪತ್ರ ಬಂತು. ನಮ್ಮ ಕಾಲೇಜಿಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದ ನಂಟಿತ್ತು, ಅಲ್ಲಿಂದ ಬಂದ ಪದ್ಧತಿ ಇದು. ಆರೋಗ್ಯ ಶಿಕ್ಷಣ ಓದುವವರಿಗೆ ಮಾತ್ರ, ಅದರಲ್ಲೂ ಒಳ್ಳೆಯ ಅಂಕ ಪಡೆದವರಿಗೆ ಮಾತ್ರ. ಸಂಘದ ಹೆಸರು ಮೂರು ಗ್ರೀಕ್ ಅಕ್ಷರ. ಅಪ್ಪ ಅದನ್ನು ನೋಡಿ ಇದೇನು ಟ್ರಿಗೊನಾಮೆಟ್ರಿಯೋ ಎಂದು ಕೇಳಿದರು. ಸೇರಿದವರ ಎದೆಗೆ ಒಂದು ಪಿನ್ನು, ಪದವಿ ಪಡೆಯುವ ದಿನ ಕೊರಳಿಗೆ ಒಂದು ಹಸಿರು ಹುರಿ. ಅಷ್ಟೇ. ಅಷ್ಟಕ್ಕೇ ನನಗೆ ನಿದ್ದೆ ಬರದಂತಾಯಿತು. ಆ ಹುರಿ ಹಾಕಿಕೊಂಡ ಫೋಟೊ ಊರಿಗೆ ಕಳಿಸಿದರೆ ಅವರೆಲ್ಲರ ಬಾಯಿ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದ್ದೆ.

ಆದರೆ ಆಹ್ವಾನ ಬಂದ ಮಾತ್ರಕ್ಕೆ ಸದಸ್ಯತ್ವ ಸಿಗುವುದಿಲ್ಲ. ಒಂದು ಫೈಲ್ ಮಾಡಬೇಕು. ಯಾರಾದರೂ ಒಬ್ಬರನ್ನು ಆರಿಸಿಕೊಂಡು, ಅವರಿಗೆ ತಿಳಿವಳಿಕೆ ಕೊಟ್ಟು, ಅವರ ಒಂದು ಅಭ್ಯಾಸವನ್ನು ಹನ್ನೆರಡು ವಾರಗಳಲ್ಲಿ ಬದಲಿಸಿ ತೋರಿಸಬೇಕು. ಆ ವ್ಯಕ್ತಿಯನ್ನು ಪಾರ್ಟ್ನರ್ ಎಂದು ಕರೆಯುತ್ತಿದ್ದರು. ನಾನು ನಡಿಗೆಯನ್ನು ಆರಿಸಿಕೊಂಡೆ, ಪಾರ್ಟ್ನರ್ ಆಗಿ ಅಪ್ಪನನ್ನು. ಕೂತು ಮಾಡುವ ಕೆಲಸ, ಗಡಿಯಲ್ಲಿ ನಿಂತ ಸಕ್ಕರೆ, ಹೊಟ್ಟೆ. ಪುಸ್ತಕದ ಉದಾಹರಣೆಯ ಹಾಗೆ ಇದ್ದರು. ಕಾಲೇಜಿನವರು ಬೆಲ್ಟಿಗೆ ಸಿಕ್ಕಿಸುವ, ಹೆಜ್ಜೆ ಎಣಿಸುವ ಸಣ್ಣ ಯಂತ್ರವೊಂದನ್ನು ಕೊಟ್ಟರು. ಪ್ರತಿ ಗುರುವಾರ ಬೆಳಿಗ್ಗೆ ವಾರದ ಲೆಕ್ಕ ಒಪ್ಪಿಸಬೇಕು. ವಾರಕ್ಕೆ ಐವತ್ತು ಸಾವಿರ ಹೆಜ್ಜೆ. ಒಂದೇ ಒಂದು ವಾರ ಕಡಿಮೆ ಬಿದ್ದರೂ ಫೈಲ್ ಮುಚ್ಚಿ, ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಓದುವವರಿಗೆ ಈಗಲೇ ಹೇಳುತ್ತೇನೆ, ನನಗೆ ಗೊತ್ತಾದದ್ದು ಹತ್ತನೆಯ ವಾರದಲ್ಲಿ: ಅಪ್ಪನ ಕೆಲಸ ಆಗಲೇ ಹೋಗಿತ್ತು. ಎಣ್ಣೆಯ ಬೆಲೆ ಬಿದ್ದು ಟೆಂಡರ್‌ಗಳು ನಿಂತುಹೋದ ಮೇಲೆ ಅಂದಾಜು ಹಾಕುವವರಿಂದ ಯಾರಿಗೇನು ಉಪಯೋಗ. ಫೆಬ್ರವರಿಯಿಂದ ಬರಬೇಡಿ ಎಂದಿದ್ದರು. ಕಫೀಲ್, ಅಂದರೆ ಅಪ್ಪನ ವೀಸಾಕ್ಕೆ ಹೊಣೆಯಾಗಿದ್ದ ಅಲ್ಲಿಯ ಮಾಲೀಕ, ಕೆಟ್ಟವನಲ್ಲ, ಮೇ ತಿಂಗಳ ಕೊನೆಯವರೆಗೆ ವೀಸಾ ರದ್ದು ಮಾಡುವುದಿಲ್ಲ, ಅಷ್ಟರೊಳಗೆ ಬೇರೆ ಕಡೆ ಸಿಕ್ಕಿದರೆ ಬಿಡುಗಡೆ ಪತ್ರ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಆ ಪತ್ರ ಇಲ್ಲದೆ ಇನ್ನೊಂದು ಕಂಪನಿಗೆ ಸೇರಲು ಆ ದೇಶದಲ್ಲಿ ಆಗ ಆಗುತ್ತಿರಲಿಲ್ಲ. ಮೇ ಮುಗಿಯುವುದರೊಳಗೆ ಅಪ್ಪನಿಗೆ ಕೆಲಸ ಸಿಗದಿದ್ದರೆ ಅಪ್ಪನ ವೀಸಾದ ನೆರಳಿನಲ್ಲಿದ್ದ ಅವ್ವ ಮತ್ತು ನಾನು ಕೂಡ ಗಂಟುಮೂಟೆ ಕಟ್ಟಬೇಕು. ನನ್ನ ಪದವಿ ಮೂರನೆಯ ವರ್ಷಕ್ಕೇ ನಿಲ್ಲುತ್ತದೆ. ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಅಪ್ಪ ದಿನಾ ಏಳಕ್ಕೆ ಇಸ್ತ್ರಿ ಅಂಗಿ ಹಾಕಿ, ಅವ್ವ ಕಟ್ಟಿದ ಡಬ್ಬಿ ತೆಗೆದುಕೊಂಡು ಕಾರು ಹತ್ತಿ ಹೋಗುತ್ತಿದ್ದರು.

ನಾನು ಅವರಿಗೆ ಪಾಠ ಮಾಡಿದ್ದು ಒಂದು ಶುಕ್ರವಾರ ಊಟದ ನಂತರ. ಕೂತೇ ಇದ್ದರೆ ರಕ್ತನಾಳ ಏನಾಗುತ್ತದೆ, ಕಾಲಿನ ಸ್ನಾಯು ಸಕ್ಕರೆಯನ್ನು ಹೇಗೆ ತಿನ್ನುತ್ತದೆ ಎಂದು ಚಿತ್ರ ಬರೆದು ತೋರಿಸಿದೆ. ಅಪ್ಪ ಬಹಳ ಗಮನವಿಟ್ಟು ಕೇಳಿದರು. ಅವರು ವಾದ ಹಾಕುತ್ತಾರೆ, ಟೈಮ್ ಎಲ್ಲಿದೆ ಅನ್ನುತ್ತಾರೆ ಎಂದು ಉತ್ತರಗಳನ್ನು ತಯಾರು ಮಾಡಿಕೊಂಡಿದ್ದೆ. ಅವರು ಒಂದೇ ಮಾತಿಗೆ ಒಪ್ಪಿಬಿಟ್ಟರು.

“ನಡೀತೀನಿ ಬಿಡವಾ. ನಡಿಯೂದಕ್ಕೇನು,” ಎಂದರು.

ಮೊದಲ ವಾರವೇ ಅರವತ್ತೆಂಟು ಸಾವಿರ. ನಾನು ಹಿಗ್ಗಿ ಹೀರೆಕಾಯಿಯಾದೆ. ತರಗತಿಯಲ್ಲಿ ಉಳಿದವರ ಪಾರ್ಟ್ನರ್‌ಗಳು ಐವತ್ತು ಸಾವಿರ ಮುಟ್ಟುವಷ್ಟರಲ್ಲೇ ಏದುಸಿರು ಬಿಡುತ್ತಿದ್ದರು. ಸೊಸೈಟಿಯನ್ನು ನೋಡಿಕೊಳ್ಳುತ್ತಿದ್ದ ಮೇಡಂ ಒಮಾನಿ ಹೆಂಗಸು, ಹೊರದೇಶದಲ್ಲಿ ಓದಿ ಬಂದವರು, ಸುಲಭಕ್ಕೆ ಹೊಗಳುವವರಲ್ಲ. ಅವರೇ ನನ್ನನ್ನು ಎದ್ದು ನಿಲ್ಲಿಸಿ, ಆಫೀಸಿನಲ್ಲಿ ಕೂರುವ ಮನುಷ್ಯ ಇಷ್ಟು ನಡೆಯಲು ಹೇಗೆ ಸಾಧ್ಯವಾಯಿತು ಎಂದು ಕೇಳಿದರು. ಕಾರನ್ನು ದೂರ ನಿಲ್ಲಿಸುತ್ತಾರೆ, ಲಿಫ್ಟ್ ಬಿಟ್ಟಿದ್ದಾರೆ, ಊಟದ ಬಿಡುವಿನಲ್ಲಿ ಓಡಾಡುತ್ತಾರೆ ಎಂದು ಅಪ್ಪ ನನಗೆ ಹೇಳಿದ್ದನ್ನೇ ಒಪ್ಪಿಸಿದೆ. ಸರಿಯಾಗಿ ತಿಳಿಸಿ ಹೇಳಿದರೆ ಯಾವ ಮನುಷ್ಯನಾದರೂ ಬದಲಾಗುತ್ತಾನೆ ಎಂದು ನನ್ನ ಸ್ವಂತದ್ದನ್ನೂ ಸೇರಿಸಿದೆ. ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದರು.

ಕೆಲವು ದಿನ ಮಾತ್ರ ಹೆಜ್ಜೆ ಕುಸಿದುಬಿಡುತ್ತಿತ್ತು. ಹನ್ನೆರಡು ಸಾವಿರ ನಡೆಯುವ ಮನುಷ್ಯ ಒಂದೊಂದು ದಿನ ಎರಡು ಸಾವಿರಕ್ಕೆ ನಿಂತಿರುತ್ತಿದ್ದರು. ಐದನೆಯ ವಾರ ಹೀಗೆ ಮೂರು ದಿನ ಆಯಿತು. ನಾನು ಸಿಟ್ಟಾದೆ. “ಏನಪ್ಪಾ, ಮತ್ತ ಕುರ್ಚಿಗೆ ಅಂಟಿಕೊಂಡ್ರೇನು? ನನ್ನ ಫೈಲ್ ಹೋಗ್ತೈತಿ ನೋಡ್ರಿ,” ಎಂದೆ. ಅಪ್ಪ ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿ, ಚಹಾ ಕೂಡ ಕುಡಿಯದೆ ಮತ್ತೆ ಶೂ ಹಾಕಿಕೊಂಡು ಹೊರಟರು. ಕತ್ತಲಾಗುವವರೆಗೆ ಸಮುದ್ರದ ದಂಡೆಯಲ್ಲಿ ನಡೆದು ಬಂದರು. ಆಮೇಲೆ ನಾನು ದಿನಾಂಕಗಳನ್ನು ಕೂಡಿಸಿ ನೋಡಿದ್ದೇನೆ. ಹೆಜ್ಜೆ ಕುಸಿದಿದ್ದ ದಿನಗಳೆಲ್ಲ ಅಪ್ಪ ಯಾವುದೋ ಕಂಪನಿಯ ವರಾಂಡದಲ್ಲಿ ಬಯೊಡೇಟಾ ಹಿಡಿದು ಕೂತಿದ್ದ ದಿನಗಳು. ಹೆಜ್ಜೆ ಕಡಿಮೆಯಾದ ದಿನವೇ ನಮ್ಮ ಮನೆಗೆ ಸ್ವಲ್ಪವಾದರೂ ಆಸೆ ಇದ್ದ ದಿನ, ಆ ದಿನವೇ ನಾನು ಅವರನ್ನು ಬೈದದ್ದು. ಹೆಜ್ಜೆ ಹೆಚ್ಚಾದಾಗ ಹೊಗಳಿದೆ.

ಬೆಲ್ಟಿನ ಯಂತ್ರವನ್ನು ಮೋಸ ಮಾಡುವುದು ಕಷ್ಟವಿರಲಿಲ್ಲ. ನನ್ನ ಜೊತೆಯವಳೊಬ್ಬಳು ಅದನ್ನು ದಾರಕ್ಕೆ ಕಟ್ಟಿ ಟಿವಿ ನೋಡುತ್ತ ತೂಗಾಡಿಸುತ್ತಿದ್ದಳು. ಅವ್ವ ಕೂಡ ಒಮ್ಮೆ, “ಆ ಮಿಕ್ಸರಿಗೆ ಕಟ್ಟಿ ಚಟ್ನಿ ರುಬ್ಬಿಬಿಡ್ರಿ, ಐವತ್ತು ಸಾವಿರೇನು, ಲಕ್ಷ ಬರ್ತಾವು” ಎಂದಿದ್ದಳು. ಅಪ್ಪ ನಗಲಿಲ್ಲ. “ಸುಳ್ಳ ಲೆಕ್ಕ ಬ್ಯಾಡ,” ಎಂದರು. ಹೆಂಡತಿ ಮಗಳಿಗೆ ದಿನಾ ಆಫೀಸಿಗೆ ಹೋಗುತ್ತೇನೆಂದು ಹೇಳಿ ಹೋಗುತ್ತಿದ್ದ ಮನುಷ್ಯನಿಗೆ ಹೆಜ್ಜೆಯಲ್ಲಿ ಸುಳ್ಳು ಬೇಡವಾಗಿತ್ತು. ಇದಕ್ಕೆ ನಗಬೇಕೋ ಅಳಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಹತ್ತನೆಯ ವಾರ ಸೊಸೈಟಿಗೆ ಸೇರಬಯಸುವವರೆಲ್ಲ ಸಾರ್ವಜನಿಕ ಸ್ಥಳದಲ್ಲಿ ಒಂದು ದಿನ ರಕ್ತದೊತ್ತಡ ನೋಡುವ ಟೇಬಲ್ ಹಾಕಬೇಕಿತ್ತು. ಅಜೈಬಾದ ಒಂದು ಅಂಗಡಿಯ ಮುಂದೆ ಎಂದು ನಿಶ್ಚಯವಾಗಿತ್ತು, ಮನೆಯಲ್ಲೂ ಹಾಗೇ ಹೇಳಿದ್ದೆ. ಕೊನೆಯ ಗಳಿಗೆಯಲ್ಲಿ ಅಲ್ಲಿ ಒಪ್ಪಿಗೆ ಸಿಗದೆ ಬೌಷರಿನ ಒಂದು ದೊಡ್ಡ ಮಾಲ್‌ಗೆ ಹೋದೆವು. ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಬಿಳಿ ಕೋಟು ಹಾಕಿಕೊಂಡು ನಾನೂ ಇಬ್ಬರು ಸಹಪಾಠಿಗಳೂ ಕೂತೆವು. ಆ ಹೊತ್ತಿನಲ್ಲಿ ಮಾಲ್‌ನಲ್ಲಿ ಯಾರಿರುತ್ತಾರೆ. ನೆಲ ಒರೆಸುವವರು, ಮಗುವಿನ ಗಾಡಿ ತಳ್ಳುವ ತಾಯಂದಿರು, ಮತ್ತೆ ಸುಮ್ಮನೆ ನಡೆಯುವ ಕೆಲವು ಗಂಡಸರು. ಅವರ ಅಂಗಿಗಳೆಲ್ಲ ಇಸ್ತ್ರಿಯಾಗಿದ್ದವು. ಅದನ್ನು ನಾನು ಆಗ ಗಮನಿಸಲಿಲ್ಲ, ಆಮೇಲೆ ನೆನಪಾಯಿತು.

ಅಪ್ಪ ಎಸ್ಕಲೇಟರಿನ ಆಚೆಯಿಂದ ಬಂದರು. ಕೈಯಲ್ಲಿ ಊಟದ ಚೀಲ. ಅಂಗಡಿಗಳ ಕಡೆ ನೋಡದೆ, ನೆಲ ನೋಡುತ್ತ, ಒಂದೇ ವೇಗದಲ್ಲಿ ಬರುತ್ತಿದ್ದರು. ರಜೆ ಹಾಕಿರಬೇಕು, ಏನೋ ಕೊಳ್ಳಲು ಬಂದಿರಬೇಕು ಎಂದುಕೊಂಡೆ. ಅವರು ನನ್ನನ್ನು ನೋಡದೆ ದಾಟಿಹೋದರು. ಹತ್ತು ನಿಮಿಷಕ್ಕೆ ಮತ್ತೆ ಅದೇ ಕಡೆಯಿಂದ ಬಂದರು, ಮತ್ತೆ ದಾಟಿದರು. ಮೂರನೆಯ ಸುತ್ತಿನಲ್ಲಿ ತಲೆಯೆತ್ತಿದರು. ನನ್ನ ಕಣ್ಣು ಅವರ ಕಣ್ಣು ಸೇರಿತು. ಅಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿಹೋಯಿತು, ಯಾರೂ ಹೇಳಬೇಕಾಗಲಿಲ್ಲ.

ಅವರು ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಸಹಪಾಠಿಗಳು ಬನ್ನಿ ಸರ್ ಎಂದು ಕರೆದರು, ಪಾಪ, ಅವರಿಗೇನು ಗೊತ್ತು. ಅಪ್ಪ ಬಂದು ನನ್ನೆದುರಿನ ಕುರ್ಚಿಯಲ್ಲೇ ಕೂತು ಅಂಗಿಯ ತೋಳು ಮಡಿಸಿ ಕೈ ಚಾಚಿದರು. ನಾನು ಎಲ್ಲರಿಗೂ ಹೇಳುವ ಹಾಗೆ, “ನಡೆದು ಬಂದಿದ್ದೀರಿ ಸರ್, ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ” ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೆತ್ತ ಅಪ್ಪನಿಗೆ ಸರ್ ಎಂದೆ. ಅವರು ತಲೆಯಾಡಿಸಿದರು. ಐದು ನಿಮಿಷ ನಾವಿಬ್ಬರೂ ಗುರುತಿಲ್ಲದವರಂತೆ ಎದುರುಬದುರು ಕೂತೆವು. ನೂರ ಅರವತ್ತರ ಮೇಲಿತ್ತು ಒತ್ತಡ. ಚೀಟಿಯಲ್ಲಿ ಬರೆದುಕೊಟ್ಟೆ. ಪಕ್ಕದವಳು ದಿನಾ ವ್ಯಾಯಾಮ ಮಾಡುತ್ತೀರಾ ಎಂದು ಕೇಳಿದಳು. ದಿನಾ ನಡೆಯುತ್ತೇನೆ ಎಂದು ಹೇಳಿ, ಥ್ಯಾಂಕ್ ಯೂ ಡಾಕ್ಟರ್ ಎಂದು ನನಗೆ ಹೇಳಿ ಎದ್ದು ಹೋದರು.

ಸಂಜೆ ಎಂದಿನ ಹೊತ್ತಿಗೇ ಮನೆಗೆ ಬಂದರು. ಯಂತ್ರವನ್ನು ಟೇಬಲ್ ಮೇಲಿಟ್ಟು, “ಇವತ್ತ ಹದಿಮೂರು ಸಾವಿರ ಆಗ್ಯಾವು ನೋಡವಾ,” ಎಂದರು.

“ಎಷ್ಟ ದಿನಾತಪ್ಪಾ?” ಎಂದೆ.

“ಫೆಬ್ರವರಿಯಿಂದ.” ಅವರು ಅವ್ವನ ಕಡೆ ನೋಡಲಿಲ್ಲ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. “ನನಗ ಎರಡನೇ ವಾರದಾಗ ಗೊತ್ತಾತು,” ಎಂದಳು. “ಸಾಕ್ಸಿನ್ಯಾಗ ಉಸುಕು ಬರ್ತಿತ್ತು. ಆಫೀಸಿನ್ಯಾಗ ಉಸುಕು ಎಲ್ಲಿಂದ ಬರಬೇಕು?”

“ಮತ್ತ ಯಾಕ ಕೇಳಲಿಲ್ಲ ನೀ?” ನಾನು ಅವ್ವನ ಮೇಲೆ ಹರಿಹಾಯ್ದೆ.

“ಅವರಾಗೇ ಹೇಳಲಿ ಅಂತ ಸುಮ್ಮನಿದ್ದೆ. ದಿನಾ ಡಬ್ಬಿ ಕಟ್ಟಿ ಕೊಟ್ಟೆ. ಮತ್ತೇನ ಮಾಡಬೇಕಿತ್ತು ನಾ?”

ನಮ್ಮ ಕಡೆಯ ಮನೆಗಳಲ್ಲಿ ಹೀಗೇ. ಗಂಡಸು ಸೋತದ್ದನ್ನು ಹೇಳುವುದಿಲ್ಲ, ಹೆಂಗಸು ಕಂಡದ್ದನ್ನು ಕೇಳುವುದಿಲ್ಲ, ಇದಕ್ಕೆ ಮರ್ಯಾದೆ ಎಂದು ಹೆಸರು. ಒಂದೇ ಅಡುಗೆಮನೆಯ ಸುತ್ತ ಎರಡು ತಿಂಗಳು ಇಬ್ಬರೂ ಬಾಯಿ ಹೊಲಿದುಕೊಂಡು ಓಡಾಡಿದ್ದರು. ನಡುವೆ ನಾನೊಬ್ಬಳು ಪೆದ್ದಿ, ಗ್ರಾಫ್ ಬರೆಯುತ್ತ.

ಫೈಲ್ ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ. ಅಪ್ಪನಿಗೆ ಸಿಟ್ಟು ಬಂತು. ಆ ಮೂರು ತಿಂಗಳಲ್ಲಿ ಅವರು ಸಿಟ್ಟಾದದ್ದು ಅದೊಂದೇ ಸಲ. “ಯಾಕ? ನಾ ನಡದಿಲ್ಲೇನು? ಒಂದ ಹೆಜ್ಜಿ ಸುಳ್ಳೈತೇನು ಅದರಾಗ? ಕೆಲಸ ಹೋಗಿದ್ದು ಬ್ಯಾರೆ, ನಡದದ್ದು ಬ್ಯಾರೆ. ನನ್ನ ಕಡೆಯಿಂದ ನಿನಗ ಇದೊಂದರೆ ಪೂರ್ತಿ ಆಗಲಿ.”

ಮರುದಿನ ಮೇಡಂ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ತಮ್ಮ ಅಣ್ಣನ ಕಂಪನಿಯಲ್ಲೂ ಜನರನ್ನು ತೆಗೆಯುತ್ತಿದ್ದಾರೆ ಎಂದರು. ಆಮೇಲೆ ಫೈಲ್ ತೆರೆದು, ಅಭ್ಯಾಸ ಬದಲಾಗಿದೆಯೇ ಎಂದಷ್ಟೇ ಇಲ್ಲಿ ಕೇಳಿದ್ದಾರೆ, ಕಾರಣಕ್ಕೆ ಇಲ್ಲಿ ಜಾಗವಿಲ್ಲ, ಮುಂದುವರಿಸು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೂ ಬೇಕಿದ್ದದ್ದು ಅದೇ ಮಾತು, ಸುಳ್ಳೇಕೆ ಹೇಳಲಿ.

ಹನ್ನೊಂದನೆಯ ವಾರ ದಾಟಿತು. ಇದೇ ಹೊತ್ತಿಗೆ ಕೆಳಗಿನ ಫ್ಲಾಟಿನ ಮಂಗಳೂರಿನ ಅಂಕಲ್ ಒಂದು ದಾರಿ ತೋರಿಸಿದರು. ಅವರು ಮನೆಯಲ್ಲಿ ಕೊಂಕಣಿ ಆಡುವ ಕ್ರೈಸ್ತರು, ಘಾಲಾದ ಇನ್ನೊಂದು ಕಂಪನಿಯ ಆಫೀಸಿನಲ್ಲಿ ಹಳಬರು. ಅಲ್ಲಿ ಒಬ್ಬ ಎಸ್ಟಿಮೇಟರ್ ಬೇಕಾಗಿತ್ತು. ಮ್ಯಾನೇಜರ್ ದಿನವೆಲ್ಲ ಸೈಟಿನಲ್ಲಿರುತ್ತಾರೆ, ಯಾವಾಗ ಬರುತ್ತಾರೆಂದು ಹೇಳಲಾಗದು, ಬಂದಾಗ ಎದುರಿಗೆ ಸಿಕ್ಕವರನ್ನು ಮಾತಾಡಿಸುತ್ತಾರೆ, ಬಂದು ಕೂತಿರಿ ಎಂದಿದ್ದರು. ಹನ್ನೆರಡನೆಯ ವಾರ ಅಪ್ಪ ಭಾನುವಾರ, ಸೋಮವಾರ, ಮಂಗಳವಾರ ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಅಲ್ಲಿ ಕೂತರು. ಮ್ಯಾನೇಜರ್ ಬರಲಿಲ್ಲ. ಅಪ್ಪನ ಮುಖದಲ್ಲಿ ಮಾತ್ರ ಏನೋ ಒಂದು ಕಳೆ ಬಂದಿತ್ತು.

ಮಂಗಳವಾರ ಸಂಜೆ ನಾನು ಯಂತ್ರ ನೋಡಿದೆ. ವಾರದ ಲೆಕ್ಕಕ್ಕೆ ಹದಿನಾಲ್ಕು ಸಾವಿರ ಕಡಿಮೆಯಿತ್ತು. ಬುಧವಾರ ನಾಲ್ಕು ಗಂಟೆಯೊಳಗೆ ಎಲ್ಲರೂ ಯಂತ್ರಗಳನ್ನು ಕಾಲೇಜಿಗೆ ಹಿಂತಿರುಗಿಸಬೇಕಿತ್ತು, ಆಮೇಲೆ ನಡೆದರೂ ಲೆಕ್ಕಕ್ಕಿಲ್ಲ. ಅಪ್ಪ ಎಲ್ಲಿ ಕೂತಿದ್ದಾರೆ, ಯಾಕೆ ಕೂತಿದ್ದಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಬಿಟ್ಟೆ.

“ಹದಿನಾಲ್ಕು ಸಾವಿರ ಕಮ್ಮಿ ಐತಪ್ಪಾ. ನಾಳೆ ಒಂದಿನ ನಡದ್ರ ಮುಗೀತಿತ್ತು. ನಾಲ್ಕಕ್ಕ ಕೊಡಬೇಕು.”

“ಆಗ್ತೈತಿ ಬಿಡವಾ,” ಎಂದರು ಅಪ್ಪ.

ಬೆಳಿಗ್ಗೆ ಬೇಗ ಎದ್ದು ನಡೆಯುತ್ತಾರೆ, ಎಲ್ಲ ಹೇಗೋ ಹೊಂದುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ನಿಜಕ್ಕೂ ಬೆಳಕು ಹರಿಯುವ ಮೊದಲೇ ದಂಡೆಗೆ ಹೋದರು. ಬುಧವಾರ ಮೂರೂಮುಕ್ಕಾಲಿಗೆ ಕಾಲೇಜಿನ ಗೇಟಿನ ಹತ್ತಿರ ಬಂದು ಯಂತ್ರ ನನ್ನ ಕೈಗಿಟ್ಟರು. ಅಂಗಿ ಬೆನ್ನಿಗೆ ಅಂಟಿತ್ತು. ಐವತ್ತು ಸಾವಿರದ ಮೇಲೆ ಇನ್ನೂರ ಚಿಲ್ಲರೆ ಹೆಜ್ಜೆ. ಮೇಡಂ ನೋಡಿ, ಖಲಾಸ್, ಮುಗಿಯಿತು ಎಂದು ಸಹಿ ಹಾಕಿದರು. ನಾನು ಅಪ್ಪನನ್ನು ಆಫೀಸಿನಲ್ಲಿ ಏನಾಯಿತು ಎಂದು ಕೇಳಿದ್ದು ಸಹಿ ಬಿದ್ದ ಮೇಲೆ, ಮನೆಗೆ ಹೋಗುವ ದಾರಿಯಲ್ಲಿ. ಆಗಲಿಲ್ಲ, ಬೇರೆಯವರನ್ನು ತೆಗೆದುಕೊಂಡರು ಎಂದರು. ಎಲ್ಲ ಕಡೆಯೂ ಅದೇ ಉತ್ತರ ಬರುತ್ತಿದ್ದ ಕಾಲ, ನಾನು ಹೆಚ್ಚು ಕೇಳಲಿಲ್ಲ.

ಸದಸ್ಯತ್ವ ಸಮಾರಂಭ ಮೇ ಕೊನೆಯ ವಾರ ಬಂತು. ಅಷ್ಟರಲ್ಲಿ ನಮ್ಮ ಮನೆಯ ಫ್ರಿಜ್ಜು, ಸೋಫಾ, ಅಪ್ಪನ ಕಾರು ಎಲ್ಲ ಬೇರೆಯವರ ಪಾಲಾಗಿದ್ದವು. ಊರಿನ ಟಿಕೆಟ್ ಆಗಿತ್ತು. ನನ್ನ ಮೂರು ವರ್ಷದ ಓದನ್ನು ಒಪ್ಪಿಕೊಳ್ಳುವ ಕಾಲೇಜು ನಮ್ಮ ಕಡೆ ಒಂದೂ ಸಿಕ್ಕಿರಲಿಲ್ಲ, ಇಂಥ ಕೋರ್ಸೇ ಇಲ್ಲ ಎಂದರು. ಆಮೇಲೂ ಸಿಗಲಿಲ್ಲ. ಹಸಿರು ಹುರಿ ಹಾಕುವುದು ಪದವಿಯ ದಿನ, ನನಗೆ ಆ ದಿನವೇ ಬರುವುದಿಲ್ಲ ಎಂದು ಗೊತ್ತಿದ್ದೂ ಸೀರೆ ಉಟ್ಟು ಹೊರಟೆ. ಅಪ್ಪ ತಮ್ಮ ಅಂಗಿಗೆ ತಾವೇ ಇಸ್ತ್ರಿ ಹಾಕುತ್ತಿದ್ದರು. ಅವ್ವ ನೋಡಿ, “ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಹೂವು,” ಎಂದಳು. ಎಂದವಳೇ ತಾನೂ ಒಳ್ಳೆಯ ಸೀರೆ ತೆಗೆದಳು.

ಕಾರು ಇಲ್ಲದ ಕಾರಣ ನಮ್ಮನ್ನು ಕರೆದೊಯ್ದವರು ಮಂಗಳೂರಿನ ಅಂಕಲ್. ಅಪ್ಪ ಅವ್ವ ಒಳಗೆ ಹೋಗಿ ಕೂತರು. ಸೇರುವವರೆಲ್ಲ ಹೊರಗೆ ಸಾಲಾಗಿ ನಿಲ್ಲಬೇಕಿತ್ತು. ಅಂಕಲ್ ಕಾರು ನಿಲ್ಲಿಸಿ ಬಂದವರು ನನ್ನ ಪಕ್ಕ ನಿಂತರು. ಅವರಿಗೆ ಮನಸ್ಸು ತಡೆಯಲಿಲ್ಲ ಅನ್ನಿಸುತ್ತದೆ.

“ಒಂದು ಕೇಳ್ತೇನೆ ಮಗಾ, ಬೇಜಾರು ಮಾಡ್ಬೇಡ. ಆ ಬುಧವಾರ ನಿನ್ನ ಅಪ್ಪನಿಗೆ ಎಂತ ಅರ್ಜೆಂಟ್ ಇತ್ತು?”

“ಯಾವ ಬುಧವಾರ ಅಂಕಲ್?”

“ಇಂಟರ್‌ವ್ಯೂಗೆ ಬಂದು ಕೂತಿದ್ರಲ್ಲ, ಕೊನೇ ದಿನ. ಇವತ್ತು ಖಂಡಿತ ಬರ್ತಾರೆ, ಎಲ್ಲಿಗೂ ಹೋಗ್ಬೇಡಿ ಅಂತ ನಾನು ಬೆಳಿಗ್ಗೆಯೇ ಹೇಳಿದ್ದೆ. ಹನ್ನೆರಡಕ್ಕೆ ನೋಡುವಾಗ ಕುರ್ಚಿ ಖಾಲಿ. ಮ್ಯಾನೇಜರ್ ಒಂದೂವರೆಗೆ ಬಂದದ್ದು. ಬಂದವರೇ ಕೇಳಿದ್ರು, ಆ ಪೈಪ್‌ಲೈನ್ ಎಸ್ಟಿಮೇಟರ್ ಎಲ್ಲಿ ಅಂತ. ನಿನ್ನ ಅಪ್ಪನನ್ನೇ ಕೇಳಿದ್ದು ಮಾರಾಯ್ತಿ. ನಾನು ಫೋನ್ ಮಾಡ್ತಾ ಇದ್ದೇನೆ, ಇವರು ತೆಗೀಲಿಲ್ಲ. ಪಕ್ಕದಲ್ಲಿ ಮತ್ತೊಬ್ಬ ಕೂತಿದ್ದ, ಅವನನ್ನೇ ಒಳಗೆ ಕರೆದ್ರು. ಅವನಿಗೇ ಆಯ್ತು.” ಅಂಕಲ್ ಕನ್ನಡಕ ತೆಗೆದು ಒರೆಸಿದರು. “ಒಂದೂವರೆ ಗಂಟೆ ಕೂತಿದ್ರೆ ಆಗ್ತಿತ್ತು. ಎಂತ ಕೆಲಸ ಇತ್ತೋ ಏನೋ ಅವರಿಗೆ, ಕೇಳಿದ್ರೆ ಹೇಳುದಿಲ್ಲ.”

ನನಗೆ ಗೊತ್ತಿತ್ತು ಎಂತ ಕೆಲಸ ಎಂದು. ಒಳಗಿನಿಂದ ನನ್ನ ಸರದಿ ಕರೆದರು, ಕಾಲುಗಳು ತಾವೇ ಹೋದವು.

ಆ ಸೊಸೈಟಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸದಸ್ಯನಿಗೆ ಪಿನ್ನು ಚುಚ್ಚುವವರು ಅವನ ಪಾರ್ಟ್ನರ್. ಚುಚ್ಚಿದ ಮೇಲೆ ಮೇಡಂ ಆ ವ್ಯಕ್ತಿಗೆ ಮೈಕ್ ಕೊಟ್ಟು ಸಭೆಯ ಎದುರು ಒಂದು ಪ್ರಶ್ನೆ ಕೇಳುತ್ತಾರೆ, ಅವರು ಉತ್ತರ ಕೊಡಬೇಕು. ಅಪ್ಪ ವೇದಿಕೆ ಹತ್ತಿ ಬಂದರು. ಸೀರೆಯ ದಪ್ಪ ಅಂಚಿಗೆ ಪಿನ್ನು ಹೋಗದೆ ಎರಡು ಸಲ ಕೈ ಜಾರಿತು. ಮೂರನೆಯ ಸಲ ಹೆಬ್ಬೆರಳಿನಿಂದ ಒತ್ತಿ ಸರಿಯಾಗಿ ಕೂರಿಸಿದರು. ನಾನು ಅವರ ಮುಖವನ್ನು ನೋಡಲಾರದೆ ಅವರ ಕೊರಳ ಗುಂಡಿಯನ್ನೇ ನೋಡುತ್ತಿದ್ದೆ. ಅಪ್ಪಾ, ಯಾಕ ಎದ್ದು ಬಂದ್ರಿ ಎಂದು ಕೇಳುವ ಜಾಗ ಅದಲ್ಲ. ಕೇಳಬೇಕೂ ಇರಲಿಲ್ಲ, ನಾನು ಬೇಡಿದ್ದೆ, ಅವರು ಕೊಟ್ಟಿದ್ದರು.

ಮೇಡಂ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. ಇನ್ನು ಮೇಲೆ ನಿಮ್ಮ ಹೆಜ್ಜೆಗಳನ್ನು ಯಾರೂ ಎಣಿಸುವುದಿಲ್ಲ, ಆದರೂ ಮುಂದುವರಿಸುತ್ತೀರಾ. ಕೇಳುವಾಗ ಅವರ ಧ್ವನಿ ಸ್ವಲ್ಪ ತಗ್ಗಿತು. ಅಪ್ಪ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಮ್ಮ ಆಫೀಸಿನ ಇಂಗ್ಲಿಷಿನಲ್ಲಿ, ಮುಂದುವರಿಸುತ್ತೇನೆ ಮೇಡಂ, ನನ್ನ ಹತ್ತಿರ ಈಗ ಬೇಕಾದಷ್ಟು ಸಮಯ ಇದೆ ಎಂದರು.

ಸಭೆ ಅದನ್ನು ತಮಾಷೆ ಎಂದುಕೊಂಡು ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ಅಪ್ಪ ಕೈಮುಗಿದರು. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.